ಚಂದ್ರನ ಕಲ್ಲು, ಚಂಪವ್ವನ ಹೊಲ

ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ಮೇಡಮ್ರ, ದಿನಾ ಮಣ್ಣ ಜರಡಿ ಹಿಡದ ಹಿಡದ ಬ್ಯಾಸರ ಬರತೈತ್ರಿ. ನೀವು ಇಷ್ಟ ವರ್ಷ ಹೆಂಗ ತಗದ್ರಿ?" ಎಂದಳು ಒಬ್ಬಳು. ಸೇರಿ ಇನ್ನೂ ಒಂದು ಮಳೆಗಾಲ ಕಂಡಿಲ್ಲ, ಆಗಲೇ ಬೇಸರವಂತೆ! ಬೈಯಬೇಕೆಂದು ಬಾಯಿಗೆ ಬಂತು. ಚಹಾ ಕೊಟ್ಟು ಕಳಿಸಿದೆ. ಆಮೇಲೆ ಕೂತು ಯೋಚಿಸಿದರೆ ಮೊದಲ ವರ್ಷ ನನಗೂ ಹಾಗೇ ಆಗಿತ್ತು. ಆ ಬೇಸರ ಹೇಗೆ ಹೋಯಿತು ಎಂಬುದನ್ನು ಬರೆದಿಟ್ಟರೆ ಅವರಿಗೆ ಉತ್ತರ ಕೊಟ್ಟಂತಾಗುತ್ತದೆ. ಬಡ್ತಿ, ಸನ್ಮಾನದ ಕಥೆಗಳನ್ನು ಹೇಳುವುದಿಲ್ಲ. ಸನ್ಮಾನದ ಶಾಲುಗಳನ್ನು ನುಸಿ ಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇನೆ, ಅಲ್ಲಿಯೇ ಇರಲಿ.

ನಾನು ಬೋರಗಾಂವದ ಜೈನ ಒಕ್ಕಲು ಮನೆಯ ಮಗಳು. ಚಿಕ್ಕೋಡಿಯ ಲ್ಯಾಬಿಗೆ ಸೇರಿದಾಗ ಮಣ್ಣು ಎಂದರೆ ಏನೆಂದು ನನಗೆ ಗೊತ್ತಿದೆ ಎಂಬ ಜಂಬ ಇತ್ತು. ಅದು ಒಂದೇ ವಾರದಲ್ಲಿ ಇಳಿಯಿತು. ರೈತರು ಮಣ್ಣನ್ನು ಯಾವುದರಲ್ಲಿ ಬೇಕಾದರೂ ತರುತ್ತಿದ್ದರು. ಟವೆಲಿನ ತುದಿಯಲ್ಲಿ, ಮಕ್ಕಳ ಊಟದ ಡಬ್ಬಿಯಲ್ಲಿ, ಯೂರಿಯಾ ಗೊಬ್ಬರದ ಚೀಲದಲ್ಲಿ. ಯೂರಿಯಾ ಚೀಲದ ಮಣ್ಣನ್ನು ಪರೀಕ್ಷೆ ಮಾಡಿ, "ನಿಮ್ಮ ಹೊಲದಲ್ಲಿ ಸಾರಜನಕ ತುಂಬಿ ತುಳುಕುತ್ತಿದೆ" ಎಂದು ನಾನೇ ಸಹಿ ಮಾಡಿ ಕೊಟ್ಟಿದ್ದೇನೆ. ಆ ರೈತ ಆ ವರ್ಷ ಗೊಬ್ಬರ ಹಾಕದೆ ಸುಮ್ಮನೆ ಕೂತ, ಬೆಳೆ ಹಳದಿ ತಿರುಗಿದ ಮೇಲೆ ಬಂದು ಜಗಳ ತೆಗೆದ. ಅವನದೇನು ತಪ್ಪು?

ಕಾಗವಾಡದ ದ್ರಾಕ್ಷಿ ಬೆಳೆಗಾರರೊಬ್ಬರು ತಂದ ಮಣ್ಣು ಕಪ್ಪಗೆ, ಮೆತ್ತಗೆ, ಎಷ್ಟು ಚೆನ್ನಾಗಿತ್ತೆಂದರೆ ನಂಬುವುದೇ ಕಷ್ಟ. ಕೇಳಿದರೆ ಅದು ಹೊಲದ್ದಲ್ಲ, ತಿಪ್ಪೆಯ ಪಕ್ಕದ್ದು. "ಹೆಣ್ಣ ತೋರಸಾಗ ಚಲೋ ಸೀರಿ ಉಡಸತೀವಿಲ್ರಿ? ಸರಕಾರಿ ಆಫೀಸಿಗೆ ಹರಕು ಮಣ್ಣ ಹೆಂಗ ತರಬೇಕ್ರಿ!" ಎಂದರು. ಅದಕ್ಕೇ ಹೇಳುವುದು, ಹುಡುಗಿಯರೇ, ನೀವೇ ಹೊಲಕ್ಕೆ ಹೋಗಿ ನಾಲ್ಕು ಕಡೆ ಅಗೆದು ತನ್ನಿ. ಈಗ ಮಷಿನ್ ಬಂದಿವೆ, ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ತಿಪ್ಪೆಯ ಮಣ್ಣು ಹಾಕಿದರೂ ಮಷಿನ್ ಅಂಕಿ ಕೊಡುತ್ತದೆ.

ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು. ಮದುವೆಯಾಗಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಗಾಜಿನ ನಳಿಕೆ ಒಡೆದರೆ ಇಡೀ ದಿನ ಮಾತಾಡುತ್ತಿರಲಿಲ್ಲ. ಆದರೆ ಅವರಿಗೆ ಒಂದು ಹುಚ್ಚಿತ್ತು, ಚಂದ್ರನ ಹುಚ್ಚು. ರಿಟೈರ್ ಆಗುವುದರೊಳಗೆ ಒಂದು ಚಿಟಿಕೆ ಚಂದ್ರನ ಮಣ್ಣು ತಮ್ಮ ಟೇಬಲ್ಲಿನ ಮೇಲೆ ಬರಬೇಕು, ಅದನ್ನು ತಾವೇ ಪರೀಕ್ಷೆ ಮಾಡಬೇಕು ಎಂಬುದು ಅವರ ಆಸೆ. ಚಿಕ್ಕೋಡಿಗೆ ಚಂದ್ರನ ಮಣ್ಣನ್ನು ಯಾರು ತರುತ್ತಾರೆ? ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಒಂದು ದಿನ ರಸ್ತೆಯ ಬದಿಯ, ಜಲ್ಲಿ ಒಡೆಯುವ ಖಡಿ ಮಷಿನ್ನಿನಿಂದ ಒಂದು ಕರಿಕಲ್ಲು ತಂದು ನನ್ನ ಮುಂದೆ ಇಟ್ಟರು. "ಇದು ಏನು?"

"ಖಡಿ ಕಲ್ಲ್ರಿ."

"ಇದರ ಅಣ್ಣ ಚಂದ್ರನ ಮ್ಯಾಲೆ ಇದ್ದಾನ. ಮೊಲ ಅಂತ ತೋರಸ್ತೀವಲ್ಲ, ಆ ಕರಿ ಕಲೆ, ಅದು ಇದೇ ಜಾತಿ ಕಲ್ಲು. ಅಲ್ಲೂ ನೆಲ ಒಡದು ಬೆಂಕಿ ಹರದು ಆರಿದ್ದು, ಇಲ್ಲೂ ಹಂಗ. ಇಲ್ಲಿ ಈ ಕಲ್ಲು ಕರಗಿ ಎರಿ ಮಣ್ಣಾತು, ಜೋಳ ಬೆಳೀತು. ಅಲ್ಲಿ ಯಾಕ ಆಗಲಿಲ್ಲ? ಹೇಳು."

ಉತ್ತರವನ್ನೂ ಅವರೇ ಹೇಳಿದರು. ಅಲ್ಲಿ ಮಳೆ ಇಲ್ಲ, ಗಾಳಿ ಇಲ್ಲ, ಬೇರಿಲ್ಲ, ಎರೆಹುಳ ಇಲ್ಲ. ಹಗಲು ಕಾದ ಹಂಚು, ರಾತ್ರಿ ನಮ್ಮ ಯಾವ ಚಳಿಗೂ ಹೋಲಿಸಲಾಗದ ಚಳಿ. ಕಲ್ಲು ಪುಡಿಯಾಗಿದೆ, ಆದರೆ ಒಡೆದ ಗಾಜಿನಂತೆ ಚೂಪಾಗಿಯೇ ಉಳಿದಿದೆ. ಉಜ್ಜಿ ನುಣ್ಣಗೆ ಮಾಡಲು ನೀರೂ ಇಲ್ಲ, ಗಾಳಿಯೂ ಇಲ್ಲ. ಅದು ಧೂಳು, ಮಣ್ಣಲ್ಲ. ಅಂದಿನಿಂದ ಲ್ಯಾಬಿನ ಕಿಟಕಿಯಲ್ಲಿ ಸಂಜೆ ಚಂದ್ರ ಕಂಡರೆ ನಾನು ಆ ಕಪ್ಪು ಕಲೆಯನ್ನೇ ನೋಡುತ್ತಿದ್ದೆ. ಬೇಸರ ಹೋದದ್ದು ಆ ದಿನವೇ ಎನ್ನಬೇಕು.

ಇದನ್ನು ಊರಿಗೆ ಹೋದಾಗ ನಮ್ಮವ್ವನಿಗೆ ಹೇಳಿದೆ. ನಮ್ಮವ್ವ ಬಸದಿಗೆ ಹೋಗದೆ ಬಾಯಿಗೆ ನೀರು ಹಾಕದವಳು, ಗಡ್ಡೆ ಗೆಣಸು ಮುಟ್ಟದವಳು. ಅವಳ ಲೆಕ್ಕದಲ್ಲಿ ಮಣ್ಣಿನಲ್ಲಿ ಜೀವ ಇರುವುದಷ್ಟೇ ಅಲ್ಲ, ಮಣ್ಣೇ ಜೀವ. "ಚಂದ್ರನ ಮಣ್ಣಾಗ ಜೀವ ಇಲ್ಲಂತ ಬೇ" ಎಂದರೆ, "ನಿಮ್ಮ ಸಾಹೇಬಗ ಕಂಡಿಲ್ಲ, ಅಷ್ಟ. ಸುಮ್‌ಸುಮ್ನ ಅಗೀಬ್ಯಾಡ್ರಿ ಅಂತ ಹೇಳು" ಎಂದಳು. ಸಾಹೇಬರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ನಿಮ್ಮವ್ವ ಹೇಳೋದು ಖರೆ ಇದ್ರ ಎಷ್ಟ ಚಲೋ ಆಗತಿತ್ತು" ಎಂದು ಮೆಲ್ಲಗೆ ಹೇಳಿದರು.

ಒಂದು ವರ್ಷ ಅವರಿಗೆ ಚಂದ್ರನ ಮಣ್ಣನ್ನು ತಾವೇ ತಯಾರಿಸುವ ಯೋಚನೆ ಬಂತು. ಕರಿಕಲ್ಲಿನ ಪುಡಿಯನ್ನು ಸಣ್ಣ ಜರಡಿಯಲ್ಲಿ ಸೋಸಿ, ದೊಡ್ಡ ಕಡಾಯಿಯಲ್ಲಿ ಹುರಿದೆವು. ಒಂದು ಕ್ರಿಮಿಯೂ ಉಳಿಯಬಾರದು ಎಂದು ಮತ್ತೆ ಮತ್ತೆ ಹುರಿಸಿದರು. ಅದನ್ನು ಒಂದು ಕುಂಡದಲ್ಲಿ, ನಮ್ಮ ಎರೆ ಮಣ್ಣನ್ನು ಇನ್ನೊಂದರಲ್ಲಿ ತುಂಬಿ, ಎರಡರಲ್ಲೂ ಜೋಳ ಬಿತ್ತಿದೆವು. ಎರಡಕ್ಕೂ ಭಟ್ಟಿ ಇಳಿಸಿದ ನೀರು ಮಾತ್ರ. ಬೀಜದೊಳಗಿನ ಊಟ ಇರುವವರೆಗೆ ಎರಡೂ ಮೊಳೆತು ಬೆಳೆದವು. ಅದು ಮುಗಿದ ಮೇಲೆ ಚಂದ್ರನ ಕುಂಡದ ಸಸಿ ಕೆಂಪಡರಿ ಕುಳ್ಳಗೆ ನಿಂತುಬಿಟ್ಟಿತು. ಸಾಹೇಬರಿಗೆ ಬೇಕಾಗಿದ್ದೂ ಅದೇ. ದಸರೆಯ ಮರುದಿನ ಅಂಕಲಿಯಲ್ಲಿ ರೈತರ ಸಭೆ ಇತ್ತು. ಹುಳ, ಗೊಬ್ಬರ ಇಲ್ಲದ ಮಣ್ಣು ಹೀಗಿರುತ್ತದೆ ಎಂದು ತೋರಿಸುವುದು ಅವರ ಯೋಜನೆ. ರಜೆಯಲ್ಲಿ ನೀರು ಹಾಕುವ ಕೆಲಸವನ್ನು ಕಸ ಹೊಡೆಯುವ ಸೇವಂತಾಳಿಗೆ ಒಪ್ಪಿಸಿ ನಾವು ಊರಿಗೆ ಹೋದೆವು.

ಸಭೆಯ ದಿನ ಡ್ರೈವರ್ ಕುಂಡಗಳಿಗೆ ಗೋಣಿತಟ್ಟು ಮುಚ್ಚಿ ನೇರ ಅಂಕಲಿಗೆ ತಂದಿದ್ದ. ಎಲ್ಲರ ಎದುರು ಸಾಹೇಬರು ತಟ್ಟು ತೆಗೆದರು. ಎರಡೂ ಕುಂಡಕ್ಕೆ ಅರಿಷಿಣ ಕುಂಕುಮ. ಅದೇನೂ ವಿಶೇಷವಲ್ಲ, ಆಯುಧ ಪೂಜೆಯಲ್ಲಿ ನಮ್ಮಲ್ಲಿ ತಕ್ಕಡಿಗೂ ಕುಂಕುಮ ಬೀಳುತ್ತದೆ. ಆದರೆ ಚಂದ್ರನ ಕುಂಡದಲ್ಲಿ ಜೋಳ ಹಸಿರಾಗಿ ಎದ್ದು ನಿಂತಿತ್ತು!

"ಅಬ್ಬಬ್ಬಾ! ಚಂದ್ರನ ಮ್ಯಾಲೆ ಎಕರೆ ಹೆಂಗ ಕೊಡ್ತಾರ್ರಿ ಸಾಹೇಬ್ರ?" ಎಂದು ಒಬ್ಬ ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಸಾಹೇಬರ ಮುಖ ಕಪ್ಪಿಟ್ಟಿತು. ಏನೇನೋ ಮಾತಾಡಿ, ಕಬ್ಬಿಗೆ ನೀರು ಹೆಚ್ಚು ಬಿಡಬೇಡಿ ಎಂದು ಹೇಳಿ ಕೂತುಬಿಟ್ಟರು.

ಜನ ಎದ್ದು ಹೋದ ಮೇಲೆ ಒಬ್ಬ ಹೆಂಗಸು ಮಾತ್ರ ಉಳಿದಳು. ನಲವತ್ತರ ಆಸುಪಾಸು, ಗಟ್ಟಿ ಆಳು. ಹೆಸರು ಚಂಪವ್ವ. ಗಂಡ ತೀರಿಕೊಂಡಿದ್ದ. ಹೊಳೆಯ ಕಡೆ ಅವಳ ಹೊಲ, ಸುತ್ತ ಮಂದಿಯ ಕಬ್ಬು. ವರ್ಷಗಟ್ಟಲೆ ನೀರು ಜಿನುಗಿ ಜಿನುಗಿ ಅವಳ ಹೊಲ ಸವಳಾಗಿತ್ತು. ನೆಲದಡಿಯ ಉಪ್ಪು ಮೇಲೆ ಬಂದು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು, ಹುಲ್ಲೂ ಏಳುತ್ತಿರಲಿಲ್ಲ. ಮೈದುನ ಭರಮಪ್ಪ ಆ ಮಣ್ಣನ್ನು ಇಟ್ಟಂಗಿ ಭಟ್ಟಿಗೆ ಕೊಡೋಣ ಎಂದು ಹಟ ಹಿಡಿದಿದ್ದ. ಇಟ್ಟಿಗೆ ಸುಡುವ ಭಟ್ಟಿಯವರು ಬಂದರೆ ಆಳುದ್ದ ಅಗೆದು ಒಯ್ಯುತ್ತಾರೆ. ಆಮೇಲೆ ಹೊಲ ಎನ್ನುವುದೇ ಇರುವುದಿಲ್ಲ. ಬೋರಗಾಂವದಲ್ಲಿ ನಮ್ಮಪ್ಪನ ಹೊಲ ಹೋದದ್ದೂ ಹಾಗೆಯೇ. ಈಗ ಅಲ್ಲಿ ಹೊಂಡವಿದೆ, ಎಮ್ಮೆ ಮಲಗುತ್ತವೆ. ಆ ಕಡೆ ನಾನು ಹೋಗುವುದಿಲ್ಲ.

"ಸಾಹೇಬ್ರ, ಚಂದ್ರಗ ಜೀವ ಬಂತು. ನನ್ನ ಹೊಲಕ್ಕ ಯಾಕ ಬರಂಗಿಲ್ರಿ? ಅದಕ ಏನ ಮಾಡೀರೋ ಅದನ್ನ ನನ್ನ ಹೊಲಕ್ಕೂ ಮಾಡ್ರಿ" ಎಂದಳು ಚಂಪವ್ವ. ಸಾಹೇಬರು ನಾಳೆ ಬರುತ್ತೇವೆ ಎಂದು ಜೀಪು ಹತ್ತಿದರು.

ಮರುದಿನ ಸೇವಂತಾಳ ವಿಚಾರಣೆ. ಅವಳು ಹೆದರಲಿಲ್ಲ. ಬದಲಿಗೆ ನನ್ನ ಕಿವಿಯಲ್ಲಿ, ಸಾಹೇಬರಿಗೂ ಕೇಳಿಸುವಷ್ಟು ಜೋರಾಗಿ, ಹೇಳಿದಳು: "ಗಂಡಸರಿಗೆ ಘಟ ಹಾಕಾಕ ಬರತೈತೇನ್ರಿ ಬಾಯಾರ? ಹೊಲದ ಮಣ್ಣ ಹಾಕಬೇಕೋ ಬ್ಯಾಡೋ, ಬರೇ ಖಡಿ ಪುಡಿ ಹಾಕ್ಯಾರ! ಘಟದ ಸಸಿ ಸೊರಗಿದ್ರ ಮನಿಗೆ ಚಲೋ ಅಲ್ಲ. ಪಾಪ, ಹೇಳಾಕ ಹೆಂಡ್ತಿ ಇಲ್ಲ. ನಾನ ನಮ್ಮ ಹಿತ್ತಲದ ಗೊಬ್ಬರ ಮಣ್ಣ ಒಂದ ಹಿಡಿ ಹಾಕಿ, ಹಾಲ ಚಿಮುಕ್ಸಿ, ದಿನಾ ಪೂಜಿ ಮಾಡೀನಿ."

ನವರಾತ್ರಿಯಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣು ಹರವಿ ಕಾಳು ಬಿತ್ತಿ ಘಟ ಕೂಡಿಸುತ್ತಾರೆ. ಅವಳು ನಮ್ಮ ಪ್ರಯೋಗವನ್ನು ಸಾಹೇಬರ ಘಟ ಎಂದುಕೊಂಡಿದ್ದಳು! ನನಗೆ ನಗು ತಡೆಯಲಾಗದೆ ಹೊರಗೆ ಓಡಿದೆ. ತಿರುಗಿ ಬಂದಾಗ ಸಾಹೇಬರು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಸಸಿಯ ಬುಡ ಕೆದರುತ್ತಿದ್ದರು. "ಒಂದ ಹಿಡಿ. ಒಂದಽ ಹಿಡಿ ನೋಡು" ಎನ್ನುತ್ತಿದ್ದರು. ಸಿಟ್ಟು ಎಲ್ಲಿ ಹೋಗಿತ್ತೋ!

ಅದೇ ದಿನ ಅಂಕಲಿಗೆ, ಚಂಪವ್ವನ ಮನೆಗೆ ಹೋದೆವು. ಸಾಹೇಬರು ಅವಳಿಗೆ ಒಂದನ್ನೂ ಮುಚ್ಚಿಡದೆ ಹೇಳಿದರು. "ನೋಡವಾ, ಆ ಕುಂಡ ಹಸದಿತ್ತು. ಒಂದ ತುತ್ತ ಸಿಕ್ಕಿತು, ಎದ್ದು ಕೂತಿತು. ನಿನ್ನ ಹೊಲ ಹಸದಿಲ್ಲ, ಉಪ್ಪ ತಿಂದೈತಿ. ಎರಡೂ ಬ್ಯಾರೆ."

"ಉಪ್ಪ ತಿಂದಾವ ನೀರ ಕುಡೀಲೇಬೇಕಲ್ರಿ?"

"ಕುಡೀಬೇಕು. ಕುಡದದ್ದು ಹೊರಗ ಹೋಗಾಕ ದಾರಿನೂ ಬೇಕು."

ಅಷ್ಟೇ ಶಾಸ್ತ್ರ. ಹೊಲದಲ್ಲಿ ಆಳವಾದ ಬಸಿಗಾಲುವೆ ತೋಡಬೇಕು, ಜಿಪ್ಸಮ್ ಹಾಕಬೇಕು, ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಹಳ್ಳಕ್ಕೆ ಬಿಡಬೇಕು, ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ ಅದನ್ನು ಮಣ್ಣಿಗೇ ಸೇರಿಸಬೇಕು. ಪುಸ್ತಕದಲ್ಲಿ ಇದು ಅರ್ಧ ಪುಟ. ಹೊಲದಲ್ಲಿ ವರ್ಷಗಳೇ ಬೇಕು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಭರಮಪ್ಪ ಕೆಟ್ಟವನಲ್ಲ, ಸೋತವನು. ಆ ಹೊಲದಲ್ಲಿ ಅವನೂ ದುಡಿದಿದ್ದ. "ವೈನಿ, ನಾ ಒಂದ ಮಾತ ಹೇಳತೀನಿ. ಬರೋ ಮಣ್ಣೆತ್ತಿನ ಅಮಾಸಿಗೆ ನಮ್ಮ ಹೊಲದ ಮಣ್ಣಿಲೇ ಎತ್ತ ಮಾಡು. ಒಣಗಿದ ಮ್ಯಾಲೆ ಕರ್ರಗ ಉಳದ್ರ ಹೊಲ ನಿಂದು. ಬೆಳ್ಳಗಾದ್ರ ಭಟ್ಟಿಗೆ" ಎಂದ. ಮಳೆಗಾಲದ ಮೊದಲಿಗೆ ಬರುವ ಆ ಅಮಾವಾಸ್ಯೆಗೆ ನಮ್ಮ ಕಡೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಸವಳು ಮಣ್ಣಿನಲ್ಲಿ ಏನು ಮಾಡಿದರೂ ಒಣಗುವಾಗ ಉಪ್ಪು ಮೈಮೇಲೆ ಹೂವಿನಂತೆ ಬರುತ್ತದೆ. ನಮ್ಮ ಲ್ಯಾಬಿನಲ್ಲಿ ದಿನಗಟ್ಟಲೆ ಮಾಡುವ ಪರೀಕ್ಷೆಯನ್ನು ಆ ಮನೆಯವರು ವರ್ಷಕ್ಕೊಮ್ಮೆ ಹಬ್ಬದಲ್ಲೇ ಮಾಡುತ್ತಿದ್ದರು. ಸಾಹೇಬರು ಒಪ್ಪಿದರು.

ಆ ಚಳಿಗಾಲ, ಆ ಬೇಸಿಗೆ ಚಂಪವ್ವ ಹೊಲ ಬಿಟ್ಟು ಕದಲಲಿಲ್ಲ. ಸಾಹೇಬರೂ ರವಿವಾರ ಎನ್ನದೆ ಹೋಗಿ ಬದುವಿನ ಮೇಲೆ ನಿಲ್ಲುತ್ತಿದ್ದರು. ಲ್ಯಾಬಿಗೆ ಬಂದ ತೆಲಸಂಗದ ಒಬ್ಬ ರೈತ ಇದನ್ನು ಕೇಳಿ, "ನಾವು ನೀರಿಲ್ಲಂತ ಅಳತೀವಿ, ಅವ್ರು ನೀರ ಹೆಚ್ಚಾತಂತ ಅಳತಾರ. ದೇವ್ರಿಗೆ ಅಳತಿ ತಿಳಿಯಂಗಿಲ್ಲ ನೋಡ್ರಿ" ಎಂದ. ಸಾಹೇಬರು ಆ ಮಾತಿಗೆ ಮೆಚ್ಚಿದರು. ಚಂದ್ರನಲ್ಲಿ ನೀರಿಲ್ಲದೆ ಮಣ್ಣೇ ಆಗಲಿಲ್ಲ, ಅಂಕಲಿಯಲ್ಲಿ ನೀರು ಹೆಚ್ಚಾಗಿ ಮಣ್ಣು ಹಾಳಾಗುತ್ತಿದೆ, ಈ ಎರಡರ ನಡುವೆ ಒಂದು ಸಣ್ಣ ಓಣಿಯಲ್ಲಿ ನಾವೆಲ್ಲ ಬದುಕಿದ್ದೇವೆ ಎಂದು ಆಮೇಲೆ ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಚಂಪವ್ವ ಹೊಲದ ಮಣ್ಣು ತಂದು ಕಲಸಿ ಜೋಡಿ ಎತ್ತು ಮಾಡಿ, ಜಗುಲಿಯ ಮೇಲಿಟ್ಟು ಪೂಜೆ ಮಾಡಿ, ಹೋಳಿಗೆಯ ಎಡೆ ತೋರಿಸಿದಳು. ಎರಡು ದಿನ ಬಿಟ್ಟು ನಾವು ಹೋದೆವು. ಎತ್ತುಗಳು ಕೋಡಿನಿಂದ ಗೊರಸಿನವರೆಗೆ ಬೆಳ್ಳಗಾಗಿದ್ದವು. ಓಣಿಯ ಮಕ್ಕಳು "ಖಿಲಾರಿ ಎತ್ತ ಆಗ್ಯಾವ!" ಎಂದು ಕುಣಿಯುತ್ತಿದ್ದವು. ಖಿಲಾರಿ ಎಂದರೆ ನಮ್ಮ ಕಡೆಯ ಬಿಳಿ ತಳಿ. ಮಕ್ಕಳಿಗೆ ಅದು ಖುಷಿ. ಚಂಪವ್ವ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ದೇಸಾಯಿ ಸಾಹೇಬರು ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಭರಮಪ್ಪನ ಕೈ ಹಿಡಿದುಕೊಂಡರು. "ಇನ್ನೊಂದ ಅಮಾಸಿ ಕೊಡಪಾ. ಒಂದ ಮಳಿಗಾಲ ತೊಳೀಲಿ. ನಾ ಕೇಳಾಕತ್ತೀನಿ" ಎಂದರು. ಅಂಥ ಸಾಹೇಬರು ಹಾಗೆ ಬೇಡುವುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಭರಮಪ್ಪನಿಗೂ ಏನೋ ಆಯಿತು. "ನೀವು ಯಾಕ ಇಷ್ಟ ಹಲಬತೀರಿ ಸಾಹೇಬ್ರ? ಹೊಲ ನಿಮ್ಮದಲ್ಲ" ಎಂದ. "ಜೀವ ಇದ್ದ ಮಣ್ಣ ಇಷ್ಟಽ ಐತಿ, ಭರಮಪ್ಪ. ಮ್ಯಾಲೆ ಎಲ್ಲೂ ಇಲ್ಲ" ಎಂದರು ಸಾಹೇಬರು. ಭರಮಪ್ಪ ಒಂದು ವರ್ಷ ಕೊಟ್ಟ.

ಆ ಮಳೆಗಾಲ ಚೆನ್ನಾಗಿ ತೊಳೆಯಿತು. ಆದರೆ ದೀಪಾವಳಿಗೆ ಮುಂಚೆ ಸಾಹೇಬರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಹೋಗುವ ದಿನ ಲ್ಯಾಬಿನಲ್ಲಿ ಯಾರನ್ನೂ ಮಾತಾಡಿಸಲಿಲ್ಲ. ನನಗೆ ಮಾತ್ರ, "ಅಂಕಲಿ ನೋಡಿಕೋ" ಎಂದರು. ನೋಡಿಕೊಂಡೆ. ಚಂಪವ್ವನ ಹೊಲಕ್ಕೆ ಹೋದಷ್ಟು ಸಲ ನಾನು ತವರಿಗೂ ಹೋಗಿಲ್ಲ.

ಮುಂದಿನ ಅಮಾವಾಸ್ಯೆಗೆ ಎತ್ತು ಮಾಡಿದರು. ಒಣಗುವವರೆಗೆ ನನಗೆ ಅನ್ನ ಸೇರಲಿಲ್ಲ. ಹೋಗಿ ನೋಡಿದರೆ ಜಗುಲಿಯ ಮೇಲೆ ಕಾಡಿಗೆಯಂಥ ಕರಿ ಎತ್ತುಗಳು. ಒಂದು ಎತ್ತಿನ ಕಿವಿ ಮಾತ್ರ ತುಸು ಬೆಳ್ಳಗೆ. ಚಂಪವ್ವ ಮೈದುನನ ಮುಖ ನೋಡುತ್ತಿದ್ದಳು. ಭರಮಪ್ಪ ಎತ್ತನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆ ಕಿವಿಯನ್ನು ಹೆಬ್ಬೆರಳಿನಿಂದ ಒರೆಸಿದ. "ಎಲ್ಲಿ ಬೆಳ್ಳಗೈತಿ? ನನಗೇನ ಕಾಣವಲ್ದು" ಎಂದ. ಇಟ್ಟಂಗಿ ಭಟ್ಟಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಸಾಹೇಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಆ ಕಿವಿ ಮಣ್ಣ ಯಾವ ಮೂಲಿದು ಕೇಳು. ಅಲ್ಲಿ ಬಸಿಗಾಲುವಿ ಇನ್ನೊಂದೀಟ ಆಳ ಮಾಡಸು" ಎಂದು ಇಟ್ಟುಬಿಟ್ಟರು. ಶಭಾಶ್ ಅಂತ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ರಿಟೈರ್ ಆದ ಮೇಲೆ ಸಾಹೇಬರು ನಿಪ್ಪಾಣಿಯಲ್ಲಿ ತಂಗಿಯ ಮನೆಯಲ್ಲಿದ್ದರು. ನಮ್ಮ ದೇಶದ ಯಂತ್ರ ಚಂದ್ರನ ದಕ್ಷಿಣದ ಕಡೆ ಇಳಿದ ಸಂಜೆ ನಾನು ಅಲ್ಲಿಗೆ ಹೋದೆ. ಆಗ ಅವರಿಗೆ ಎದ್ದು ಕೂರುವುದೂ ಕಷ್ಟ. ಟಿವಿಯ ಮುಂದೆ ದಿಂಬು ಒರಗಿಸಿದ್ದರು. ಇಳಿಯುವವರೆಗೆ ನನ್ನ ಕೈ ಬಿಡಲಿಲ್ಲ. ಕೆಲವು ದಿನ ಬಿಟ್ಟು, ಆ ಮಣ್ಣಿನಲ್ಲಿ ಗಂಧಕ ಸಿಕ್ಕಿದೆ ಎಂದು ಸುದ್ದಿ ಬಂದಾಗ ತಾವೇ ಫೋನ್ ಮಾಡಿದರು.

"ಕೇಳಿದೇನು? ಗಂಧಕ ಐತಂತ! ಜಿಪ್ಸಮ್ಮಿನ್ಯಾಗ ಇರೋದೂ ಅದಽ. ನೆರಳಿನ ತಗ್ಗಿನ್ಯಾಗ ಹಿಮ ಐತಿ ಅಂತಾರ. ಬಿಸಿಲಿಗಂತೂ ಬರ ಇಲ್ಲ. ಎಲ್ಲಾ ಸಾಮಾನ ಐತಿ ಅಲ್ಲಿ, ಅಡಗಿ ಮಾಡವ್ರಿಲ್ಲ."

"ನಿಮ್ಮ ಟೇಬಲ್ಲಿಗೂ ಒಂದ ಚಿಟಿಕಿ ಬರತೈತಿ ತಗೋರಿ ಸಾಹೇಬ್ರ" ಎಂದೆ, ನಗಿಸಲು.

ನಗಲಿಲ್ಲ. "ಬರತೈತಿ. ನಾ ಇರಂಗಿಲ್ಲ. ಒಂದ ಸಲ, ಬೆರಳಾಗ ಹಿಡದು ನೋಡಬೇಕಿತ್ತು" ಎಂದರು.

ದಸರೆಗೆ ಮುಂಚೆ ಹೋಗಿಬಿಟ್ಟರು. ಅಷ್ಟು ವರ್ಷ ಅವರೊಂದಿಗೆ ಜಗಳಾಡಿದ್ದೇನೆ, ಬೆನ್ನ ಹಿಂದೆ ನಕ್ಕಿದ್ದೇನೆ. ಈಗ ಯಾರಾದರೂ ಕರಿಕಲ್ಲೊಂದನ್ನು ಮುಂದೆ ತಂದಿಟ್ಟು "ಇದು ಏನು?" ಎಂದು ಗದರಿದರೆ ಸಾಕು ಎನ್ನಿಸುತ್ತದೆ. ಯಾರೂ ಗದರುವುದಿಲ್ಲ.

ಸುದ್ದಿ ಹೇಳಲು ಅಂಕಲಿಗೆ ಹೋದೆ. ಚಂಪವ್ವ ಹೊಲದಲ್ಲಿದ್ದಳು. ಕಬ್ಬಿನ ನಡುವೆ ಅವಳದೊಂದೇ ಜೋಳದ ಹೊಲ. ಆಗಷ್ಟೇ ಬಿತ್ತಿದ್ದಳು, ಸಾಲುಸಾಲಾಗಿ ಮೊಳಕೆ ಎದ್ದಿತ್ತು. ಕೇಳಿ ಬದುವಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಕೇಳಿದಳು.

"ಅವ್ರಿಗೆ ಚಂದ್ರನ ಮಣ್ಣ ಕಡೀಕೂ ಸಿಗಲಿಲ್ಲೇನ್ರಿ ಬಾಯಾರ?"

"ಇಲ್ಲ ಚಂಪವ್ವ."

"ಮತ್ತ ಹೋಗತಾರೇನ್ರಿ ಅಲ್ಲಿಗೆ, ಮಂದಿ?"

"ಹೋಗತಾರ. ಮುಂದ ಮನಷ್ಯಾರೂ ಹೋಗತಾರಂತ."

ಅವಳು ಎದ್ದು ಎರಡು ಸಾಲಿನ ನಡುವೆ ಬಾಗಿ, ಮೊಳಕೆಗೆ ಪೆಟ್ಟಾಗದಂತೆ ಬೆರಳಿನಿಂದ ಕೆದರಿ, ಒಂದು ಹಿಡಿ ಮಣ್ಣು ತೆಗೆದಳು. ಕಪ್ಪು ಮಣ್ಣು, ಅದರಲ್ಲಿ ಒಂದು ಎರೆಹುಳ ಹೊರಳುತ್ತಿತ್ತು. ನನ್ನ ಮುಂದೆ ಬಂದು ನಿಂತಳು.

"ಸೆರಗ ಒಡ್ಡರಿ. ಹೋಗವ್ರು ಬರೀಗೈಲೆ ಹೋಗೂದು ಬ್ಯಾಡ. ಅವ್ರ ಕೈಯಾಗ ಇದನ್ನ ಕೊಟ್ಟ ಕಳಸ್ರಿ. ಹೆಪ್ಪಿಗೆ ಆಗತೈತಿ."

ನಾನು ಯಾರಿಗೆ ಕೊಡಲಿ? ಇಂಥ ಮಾತನ್ನು ಕೇಳುವವರು ಯಾರು? ಕೇಳುವವರೊಬ್ಬರಿದ್ದರು, ಅವರು ಹೋದರು ಎಂದು ಅವಳ ಎದುರೇ ಅತ್ತುಬಿಟ್ಟೆ. ಸೆರಗು ಒಡ್ಡಿದೆ.